ಎಣ್ಣೆ ಇಲ್ಲದ ಊರಿನ ಸೈಟುಗಳು



ಕುವೈತ್ ನಗರದ ಫೋಟೊ ಎಲ್ಲೇ ಅಚ್ಚಾಗಿರಲಿ, ಸಮುದ್ರದ ಅಂಚಿಗೆ ನಿಂತ ಮೂರು ಗೋಪುರಗಳು ಅದರಲ್ಲಿ ಇದ್ದೇ ಇರುತ್ತವೆ. ಮೇಲಕ್ಕೆ ಹೋಗುತ್ತಾ ಈಟಿಯಂತೆ ಚೂಪಾಗುವ ಕಂಬಗಳು, ಅವುಗಳಲ್ಲಿ ಎರಡಕ್ಕೆ ನೀಲಿ ಹಸಿರು ಬಿಲ್ಲೆ ಹೊದಿಸಿದ ದೊಡ್ಡ ದೊಡ್ಡ ಗೋಲಗಳು. ಆ ದೇಶದ ನೋಟಿನ ಮೇಲೂ ಇವುಗಳ ಚಿತ್ರವಿದೆ. 1979ರಲ್ಲಿ ಜನರಿಗೆ ತೆರೆದ ಈ ಗೋಪುರಗಳನ್ನು ದೂರದಿಂದ ನೋಡಿದವರು ಯಾವುದೋ ಯುದ್ಧದ ಸ್ಮಾರಕ ಇರಬೇಕು ಅಂದುಕೊಳ್ಳುತ್ತಾರೆ. ಹತ್ತಿರ ಹೋಗಿ ವಿಚಾರಿಸಿದರೆ ನೀರಿನ ಟ್ಯಾಂಕು. ನಮ್ಮ ಬಡಾವಣೆಗಳ ಮೂಲೆಯಲ್ಲಿ ಪಾಚಿ ಕಟ್ಟಿಕೊಂಡು ನಿಂತಿರುವ ಓವರ್‌ಹೆಡ್ ಟ್ಯಾಂಕಿನ ಸಂಬಂಧಿಯೇ. ಸ್ವಲ್ಪ ಸಿರಿವಂತ ಮನೆತನದ್ದು ಅಷ್ಟೆ.

ಟ್ಯಾಂಕನ್ನು ದೇಶದ ಗುರುತು ಮಾಡಿಕೊಳ್ಳಲು ಆ ಜನಕ್ಕೆ ಕಾರಣವಿತ್ತು. ಕುವೈತಿನಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಎಣ್ಣೆ ಸಿಗುವ ಮುಂಚೆ ಅವರು ಮುತ್ತು ಹೆಕ್ಕುವ, ಹಡಗು ಕಟ್ಟುವ ಜನ. ಕುಡಿಯುವ ನೀರು ಶತ್ ಅಲ್ ಅರಬ್ ನದಿಯಿಂದ ಹಾಯಿದೋಣಿಯಲ್ಲಿ ಬರುತ್ತಿತ್ತು. ದಡದಲ್ಲಿ ತೊಗಲ ಚೀಲಕ್ಕೆ ತುಂಬಿ, ಕತ್ತೆಯ ಮೇಲೆ ಹೇರಿ ಬೀದಿ ಬೀದಿ ಮಾರುತ್ತಿದ್ದರು. 1938ರಲ್ಲಿ ಬುರ್ಗಾನ್ ಎಂಬಲ್ಲಿ ಎಣ್ಣೆ ಸಿಕ್ಕಿತು. 1946ರಲ್ಲಿ ಮೊದಲ ಹಡಗು ಎಣ್ಣೆ ತುಂಬಿಕೊಂಡು ಹೊರಟಿತು. ಹಣ ಬರಲು ಶುರುವಾಗಿ ಐದಾರು ವರ್ಷ ಆಗುವುದರೊಳಗೆ ಇಂಗ್ಲೆಂಡಿನ ನಗರ ಯೋಜಕರನ್ನು ಕರೆಸಿ ಊರಿಗೊಂದು ನಕ್ಷೆ ಬರೆಸಿದರು. 1953ರಲ್ಲಿ ಶುವೈಖ್‌ನಲ್ಲಿ ಸಮುದ್ರದ ನೀರನ್ನು ಭಟ್ಟಿ ಇಳಿಸಿ ಸಿಹಿನೀರು ಮಾಡುವ ಸರ್ಕಾರಿ ಸ್ಥಾವರ ನಿಂತಿತು. 1957ರಲ್ಲಿ ಊರ ಸುತ್ತಲಿನ ಮಣ್ಣಿನ ಗೋಡೆಯನ್ನು ಕೆಡವಿ, ಹೆಬ್ಬಾಗಿಲುಗಳನ್ನು ಮಾತ್ರ ಉಳಿಸಿಕೊಂಡರು. ಗೋಡೆಯ ಆಚೆ ಹೊಸ ಬಡಾವಣೆಗಳು ಎದ್ದವು. ಒಂದೊಂದರ ನಡುವೆಯೂ ಶಾಲೆ, ಮಸೀದಿ, ದವಾಖಾನೆ, ಸಹಕಾರಿ ಅಂಗಡಿ.

ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಎನ್ನುವ ಆ ವರಸೆಯ ಬಗ್ಗೆ ಇವತ್ತು ಮಾತಾಡಬೇಕೆಂದಿದ್ದೇನೆ. ದುಬೈನ ಬುರ್ಜ್ ಖಲೀಫಾ 828 ಮೀಟರ್ ಎತ್ತರವಿದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅದರಿಂದ ನಮ್ಮ ತುಮಕೂರಿಗೆ ಆಗಬೇಕಾದ್ದು ಏನೂ ಇಲ್ಲ. ಮರಳಿನ ಮೇಲೆ ನೀರು ಮೊದಲು ಬಂತೋ ಸೈಟು ಮೊದಲು ಬಂತೋ ಎಂಬುದು ಮಾತ್ರ ನಮಗೆ ಬಹಳ ಬೇಕಾದ ಸಂಗತಿ.

ತುಮಕೂರಿನಲ್ಲಿ ಎಣ್ಣೆ ಬಾವಿ ಇಲ್ಲ. ಆದರೂ ನೆಲದಿಂದ ಹಣ ಉಕ್ಕುತ್ತಿದೆ. ಅದಕ್ಕೆ ಮೊದಲ ಕಾರಣ ಬೆಂಗಳೂರು. 70 ಕಿಲೋಮೀಟರ್ ದೂರ. ಹೆದ್ದಾರಿ ಅಗಲವಾದ ಮೇಲೆ, ಬೆಳಿಗ್ಗೆ ಹೋಗಿ ಸಂಜೆ ಬರುವ ರೈಲುಗಳಿಗೆ ಜನ ಒಗ್ಗಿಕೊಂಡ ಮೇಲೆ, ಆ ದೂರ ಇನ್ನೂ ಕಿರಿದಾಯಿತು. ಈಗ ಮೆಟ್ರೊ ಕೂಡ ತುಮಕೂರಿಗೆ ಬರುತ್ತದೆ ಎಂಬ ಮಾತು ನಡೆದಿದೆ. ಮೆಟ್ರೊ ಬರುವುದು ಯಾವಾಗಲೋ, ಅದರ ಹೆಸರು ಹೇಳಿ ಸೈಟಿನ ರೇಟು ಏರಿಸುವುದಂತೂ ಆಗಲೇ ಶುರುವಾಗಿದೆ. ಎರಡನೆಯ ಕಾರಣ ಶಿರಾ ರಸ್ತೆಯ ವಸಂತನರಸಾಪುರ. 2014ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರ್‌ನಲ್ಲಿ ತುಮಕೂರಿಗೊಂದು ದೊಡ್ಡ ಕೈಗಾರಿಕಾ ಪ್ರದೇಶ ಕೊಡಲು ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಒಪ್ಪಿತು. 2023ರ ಫೆಬ್ರುವರಿ 6ರಂದು ಶಂಕುಸ್ಥಾಪನೆ ನಡೆಯಿತು. ಅದೇ ದಿನ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯೂ ಆಯಿತು. ಊರು ಮಹಾನಗರ ಪಾಲಿಕೆ ಆಯಿತು, 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. 2001ರ ಜನಗಣತಿಯಲ್ಲಿ ಎರಡೂವರೆ ಲಕ್ಷದ ಹತ್ತಿರ ಇದ್ದ ಜನ 2011ಕ್ಕೆ ಮೂರು ಲಕ್ಷ ದಾಟಿದ್ದರು. ಆಮೇಲಿನ ಬೆಳವಣಿಗೆಯನ್ನು ತಿಳಿಯಲು ಶೆಟ್ಟಿಹಳ್ಳಿ, ಮರಳೂರು, ಬೆಳಗುಂಬ, ಹೆಗ್ಗೆರೆ, ಊರುಕೆರೆ ಕಡೆ ಒಂದು ಸುತ್ತು ಹಾಕಿದರೆ ಸಾಕು.

ಸುತ್ತು ಹಾಕಿದರೆ ಕಾಣುವುದೇನು? ಮೊದಲು ಒಂದು ಕಮಾನು. ಅದರ ಮೇಲೆ ದೇವರದೋ ದೊಡ್ಡ ಪಟ್ಟಣದ್ದೋ ಹೆಸರಿನ ಲೇಔಟು. ಕಮಾನಿನಿಂದ ಒಳಗೆ ಜಲ್ಲಿ ಚೆಲ್ಲಿ ಡಾಂಬರು ಸವರಿದ 30 ಅಡಿ ರಸ್ತೆ, ಎರಡೂ ಕಡೆ ಮೋರಿ, ಸಾಲಾಗಿ ನಿಂತ ಖಾಲಿ ವಿದ್ಯುತ್ ಕಂಬ, ಬಿಳಿ ಸುಣ್ಣ ಬಳಿದ ನಂಬರು ಕಲ್ಲು. 30-40, 40-60 ಅಡಿಯ ಸೈಟುಗಳು. ನಾಲ್ಕು ಮೂಲೆಯಲ್ಲಿ ನಾಲ್ಕು ಮನೆ. ಉಳಿದದ್ದೆಲ್ಲ ಪಾರ್ಥೇನಿಯಂ, ಜಾಲಿ, ಮುರಿದ ಇಟ್ಟಿಗೆ. ಅಲ್ಲಿ ಮೊದಲು ತೆಂಗಿನ ತೋಟವಿದ್ದರೆ ಒಂದೆರಡು ಮರಗಳನ್ನು ‘ಪಾರ್ಕ್’ ಎಂದು ಬರೆದ ಬೋರ್ಡಿನ ಹಿಂದೆ ಬಿಟ್ಟಿರುತ್ತಾರೆ. ಸೈಟಿನ ಮಾಲೀಕರು ಬೆಂಗಳೂರಿನಲ್ಲೋ, ಅಮೆರಿಕದಲ್ಲೋ, ತುಮಕೂರಿನದೇ ಇನ್ನೊಂದು ಮನೆಯಲ್ಲೋ ಇರುತ್ತಾರೆ. ಅವರಿಗೆ ಅಲ್ಲಿ ಮನೆ ಕಟ್ಟುವ ಆತುರವಿಲ್ಲ. ಮಗಳ ಮದುವೆಗೋ ಮಗನ ಓದಿಗೋ ಆಗುತ್ತದೆ ಎಂದು ತೆಗೆದು ಹಾಕಿದ್ದಾರೆ. ನಮ್ಮ ಮಧ್ಯಮ ವರ್ಗಕ್ಕೆ ಸೈಟು ಈಗ ಚಿನ್ನದ ಸರವಿದ್ದಂತೆ. ಬೀರುವಿನಲ್ಲಿ ಇಟ್ಟರೂ ಬೆಲೆ ಬೆಳೆಯುತ್ತದೆ ಎಂಬ ನಂಬಿಕೆ.

ಅವರನ್ನು ದೂರುವುದು ಸುಲಭ, ನ್ಯಾಯವಲ್ಲ. ಬ್ಯಾಂಕಿನ ಬಡ್ಡಿ ಇಳಿಯಿತು, ಚೀಟಿ ವ್ಯವಹಾರದಲ್ಲಿ ಮುಳುಗಿದವರನ್ನು ಕಣ್ಣಾರೆ ಕಂಡರು, ಶೇರು ಎಂದರೆ ಭಯ. ಹೊಲ ಮಾರುವ ರೈತನನ್ನು ದೂರುವುದೂ ಸರಿಯಲ್ಲ. ಬೋರು ಬತ್ತಿದ, ನುಸಿ ತಿಂದ ತೋಟದಲ್ಲಿ ವರ್ಷವಿಡೀ ದುಡಿದರೆ ಸಿಗುವುದಕ್ಕೂ, ಗುಂಟೆ ಲೆಕ್ಕದಲ್ಲಿ ಬ್ರೋಕರ್ ಹೇಳುವ ಬೆಲೆಗೂ ಹೋಲಿಕೆಯೇ ಇಲ್ಲ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದೆಂಬ ನಿರ್ಬಂಧವನ್ನು 2020ರ ಭೂಸುಧಾರಣಾ ತಿದ್ದುಪಡಿ ತೆಗೆದುಹಾಕಿದ ಮೇಲಂತೂ ಪಹಣಿ ಕೈ ಬದಲಾಗುವುದು ಇನ್ನಷ್ಟು ಸಲೀಸಾಯಿತು. ಹೀಗೆ ಮಾರುವವನಿಗೂ ಕೊಳ್ಳುವವನಿಗೂ ತಕ್ಕ ಕಾರಣವಿದೆ. ಇಬ್ಬರ ಕಾರಣವೂ ಸರಿಯಾಗಿದ್ದು ಊರು ಮಾತ್ರ ಕೆಟ್ಟುಹೋಗುವುದು ಹೇಗೆ ಎಂಬುದೇ ನನಗೆ ಕುತೂಹಲ.

ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಮತ್ತೆ ಮರಳುಗಾಡಿಗೇ ಹೋಗಬೇಕಾಗುತ್ತದೆ. ಸೌದಿ ಅರೇಬಿಯಾದ ರಿಯಾದ್ ಒಂದು ಕಾಲಕ್ಕೆ ಖರ್ಜೂರದ ತೋಟಗಳ ನಡುವಿನ ಮಣ್ಣಿನ ಕೋಟೆಯ ಊರು. ಗ್ರೀಸ್ ದೇಶದ ದೊಕ್ಸಿಯಾದಿಸ್ ಎಂಬ ಯೋಜಕರ ಸಂಸ್ಥೆ ಅದಕ್ಕೆ ಬರೆದ ನಕ್ಷೆಯನ್ನು 1973ರಲ್ಲಿ ಒಪ್ಪಿಕೊಂಡರು: ಎರಡು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರ್ ಅಗಲದ ಚೌಕಗಳು. 1974ರಿಂದ ಸರ್ಕಾರ ಮನೆ ಕಟ್ಟಲು ಬಡ್ಡಿಯಿಲ್ಲದ ಸಾಲ ಕೊಟ್ಟಿತು. ಊರು ಚೌಕ ಚೌಕವಾಗಿ ಮರಳಿನೊಳಗೆ ಹರಡುತ್ತಾ ಹೋಗಿ ಇವತ್ತು ಅಲ್ಲಿ 70 ಲಕ್ಷ ಜನ ಇದ್ದಾರೆ. ಕುಡಿಯುವ ನೀರು ಸಮುದ್ರ ತೀರದ ಜುಬೈಲ್‌ನಿಂದ 400 ಕಿಲೋಮೀಟರಿಗೂ ಹೆಚ್ಚು ದೂರ, ಸುಮಾರು 600 ಮೀಟರ್ ಎತ್ತರಕ್ಕೆ ಪಂಪಾಗಿ ಬರುತ್ತದೆ. ಎಣ್ಣೆ ಸುಟ್ಟು ನೀರು ಮಾಡುವುದು, ಆ ನೀರನ್ನು ಎತ್ತಲು ಮತ್ತೆ ಎಣ್ಣೆ ಸುಡುವುದು. ಆ ಸಿರಿವಂತಿಕೆ ನಮಗೆ ಬೇಡ.

ನಮಗೆ ಬೇಕಾದ ಸಂಗತಿ ಬೇರೆ ಇದೆ. ರಿಯಾದ್ ಊರೊಳಗೇ ಗೋಡೆ ಹಾಕಿದ ಖಾಲಿ ಜಾಗಗಳು ಸಾವಿರಗಟ್ಟಲೆ ಉಳಿದುಕೊಂಡವು. ಕೊಂಡವರು ಕಟ್ಟಲಿಲ್ಲ, ಮಾರಲಿಲ್ಲ. ರಸ್ತೆ, ಪೈಪು, ದೀಪ ಅವುಗಳ ಮುಂದೆಯೇ ಹಾದುಹೋಗಿ ಇನ್ನೂ ದೂರದ ಬಡಾವಣೆ ಸೇರಬೇಕಾಗಿ ಬಂತು. ಇತ್ತ ಸ್ವಂತ ಮನೆ ಇಲ್ಲದ ಸೌದಿ ಕುಟುಂಬಗಳ ಸಾಲು ಬೆಳೆಯಿತು. ಕೊನೆಗೆ 2015ರಲ್ಲಿ ಅಲ್ಲಿನ ಸರ್ಕಾರ ಊರೊಳಗೆ ಖಾಲಿ ಬಿಟ್ಟ ದೊಡ್ಡ ಜಾಗಗಳ ಮೇಲೆ ವರ್ಷಕ್ಕೆ ಬೆಲೆಯ ಶೇ 2.5ರಷ್ಟು ಶುಲ್ಕ ಹಾಕುವ ಕಾನೂನು ತಂದಿತು. ಅದೂ ಸಾಲದೆಂದು 2025ರಲ್ಲಿ ಶೇ 10ರವರೆಗೆ ಏರಿಸಲು ತಿದ್ದುಪಡಿ ಮಾಡಿತು. ಸಂಬಳದ ಮೇಲೆ ಆದಾಯ ತೆರಿಗೆಯೇ ಇಲ್ಲದ ದೇಶ, ರಾಜನ ಆಡಳಿತ, ಜಾಗದ ಒಡೆಯರಲ್ಲಿ ಎಷ್ಟೋ ಜನ ದೊಡ್ಡವರು. ಅಂಥ ಕಡೆಯೂ ಖಾಲಿ ಸೈಟು ಊರಿಗೆ ಭಾರ ಎಂಬುದನ್ನು ಒಪ್ಪಿಕೊಳ್ಳಲೇಬೇಕಾಯಿತು. ನಮ್ಮಲ್ಲೂ ಖಾಲಿ ನಿವೇಶನಕ್ಕೆ ಪಾಲಿಕೆ ತೆರಿಗೆ ಇದೆ. ಆದರೆ ಅದು ಸೈಟನ್ನು ಹತ್ತು ವರ್ಷ ಹಾಗೇ ಇಟ್ಟುಕೊಳ್ಳಲು ಯಾರಿಗೂ ಅಡ್ಡಿಯಾಗುವಷ್ಟು ಅಲ್ಲ. ಸೈಟಿನಲ್ಲಿ ಗಿಡ ಬೆಳೆದು ಹಾವು ಸೇರಿಕೊಂಡರೆ ಅದರ ತೆರಿಗೆ ಕಟ್ಟುವವರು ಪಕ್ಕದ ಮನೆಯವರು.

ಈಗ ನೀರಿನ ವಿಷಯ. ತುಮಕೂರು ಕುಡಿಯುವುದು ಹೇಮಾವತಿಯನ್ನು. ಹಾಸನ ಜಿಲ್ಲೆಯ ಗೊರೂರಿನಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು ನಾಲೆಯಲ್ಲಿ ಹೊರಟು, ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು-ನವಿಲೆ ಸುರಂಗದೊಳಗೆ ತೂರಿ, ತಿಪಟೂರು, ತುರುವೇಕೆರೆ, ಗುಬ್ಬಿ ಸೀಮೆಗಳನ್ನು ದಾಟಿ ಬುಗುಡನಹಳ್ಳಿ ಕೆರೆಗೆ ಬಂದು ಬೀಳುತ್ತದೆ. ಅಲ್ಲಿಂದ ಶುದ್ಧವಾಗಿ ನಗರದ ನಲ್ಲಿಗೆ. ಜಿಲ್ಲೆಯ ಪಾಲು ಎಂದು ಕಾಗದದಲ್ಲಿ ಇರುವುದು 24 ಟಿಎಂಸಿಗೂ ಹೆಚ್ಚು. ನಾಲೆಯ ಉದ್ದಕ್ಕೂ ಪಂಪ್‌ಸೆಟ್ಟು, ತೂಬು, ಒಡಕು. ಮಲೆನಾಡಿನಲ್ಲಿ ಮಳೆ ಕೈಕೊಟ್ಟ ವರ್ಷದ ಕಥೆಯೇ ಬೇರೆ. ಹಿಂದೆ ಊರಿಗೆ ಆಸರೆಯಾಗಿದ್ದ ಮೈದಾಳ ಕೆರೆ, ಅಮಾನಿಕೆರೆ, ಸುತ್ತಲ ಬಾವಿಗಳನ್ನು ಬಿಟ್ಟು ನಾವು ನೂರು ಕಿಲೋಮೀಟರಿಗೂ ಆಚೆಯ ಒಂದು ನದಿಯ ಕೃಪೆಗೆ ಊರನ್ನು ಒಪ್ಪಿಸಿಕೊಂಡಿದ್ದೇವೆ. ರಿಯಾದ್‌ಗೂ ನಮಗೂ ಇರುವ ವ್ಯತ್ಯಾಸ ಇಷ್ಟು: ಸಮುದ್ರಕ್ಕೆ ಮೇಲಿನ ಊರಿನ ರೈತರು ಯಾರೂ ಇಲ್ಲ, ನಾಲೆಗೆ ಇದ್ದಾರೆ.

ಆ ರೈತರ ಮಾತು ಎಷ್ಟು ಬಿಸಿ ಎಂಬುದು 2024ರಲ್ಲೂ 2025ರಲ್ಲೂ ಗುಬ್ಬಿ ತಾಲ್ಲೂಕಿನಲ್ಲಿ ಎಲ್ಲರಿಗೂ ಕಂಡಿತು. ಹೇಮಾವತಿ ನಾಲೆಯಿಂದ ನೇರವಾಗಿ ಪೈಪಿನಲ್ಲಿ ಕುಣಿಗಲ್ ಕಡೆಗೆ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಕೆಲಸ ಶುರುವಾದಾಗ ಗುಬ್ಬಿ, ತುಮಕೂರು ಕಡೆಯವರು ಬೀದಿಗೆ ಬಂದರು. ಕುಣಿಗಲ್ಲಿನವರ ಕೊರಗೂ ಹಳೆಯದು. ನಾಲೆಯ ತುದಿಯಲ್ಲಿ ಇರುವವರು ಅವರು. ತಮ್ಮ ಪಾಲಿನ ನೀರು ತಮ್ಮವರೆಗೆ ಬರುವುದೇ ಇಲ್ಲ ಎನ್ನುತ್ತಾರೆ. ಇದರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವ ಯೋಗ್ಯತೆ ಈ ಭಾಷಣಕ್ಕಿಲ್ಲ. ಎರಡೂ ಕಡೆಯ ಮಾತಿನಲ್ಲಿ ಬೆಳೆ, ಕೆರೆ, ಕುಡಿಯುವ ನೀರು ಬಂದವು. ಎರಡೂ ಕಡೆ ದಿನೇ ದಿನೇ ಹುಟ್ಟುತ್ತಿರುವ ಲೇಔಟುಗಳು ಯಾವ ನೀರು ಕುಡಿಯುತ್ತವೆ ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಬರಲಿಲ್ಲ. ಸದ್ಯಕ್ಕೆ ಅವು ಕುಡಿಯುವುದು ಬೋರ್‌ವೆಲ್ಲಿನ ನೀರು. ಒಂದು ಲೇಔಟಿಗೆ ಒಂದು ಬೋರು, ಅದು ಬತ್ತಿದರೆ ಟ್ಯಾಂಕರು.

ದೋಹಾದಲ್ಲಿ ಹಲವು ವರ್ಷ ಗಾರೆ ಕೆಲಸ ಮಾಡಿ ಊರಿಗೆ ಮರಳಿದ ಒಬ್ಬರನ್ನು ನಾನು ಬಲ್ಲೆ. ಅವರು ಹೇಳಿದ್ದು ಹೀಗೆ: "ಅಲ್ಲಿ ನಾವು ಕೆಲ್ಸಕ್ಕೆ ಹೋಗೋ ಹೊತ್ಗೆ ರೋಡು, ಪೈಪು, ಕರೆಂಟು ಎಲ್ಲಾ ಬಂದಿರ್ತಿತ್ತು ಸಾರ್. ಇಲ್ಲಿ ಪಾಯ ಹಾಕೋಕೂ ಟ್ಯಾಂಕರ್ ನೀರೇ ಗತಿ." ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಬಂತು: "ಆದ್ರೆ ಅಲ್ಲಿ ಒಂದ್ ರೂಮಿಗೆ ಎಂಟ್ ಜನ. ಮೇಲೊಬ್ಬ, ಕೆಳಗೊಬ್ಬ ಮಲಗೋದು. ಇಲ್ಲಿ ಬಾಡಿಗೆ ಮನೆಯಾದ್ರೂ ಹೆಂಡ್ತಿ ಮಕ್ಳು ಜೊತೇಲಿದಾರೆ."

ಎಣ್ಣೆ ಊರುಗಳ ವಸತಿಯ ಕಥೆ ಹೇಳುವವರು ಬಹಳ ಸಲ ಈ ಎರಡನೆಯ ಮಾತನ್ನು ನುಂಗಿಬಿಡುತ್ತಾರೆ. ಕುವೈತಿನ ಆ ಚಂದದ ಬಡಾವಣೆಗಳು ಅಲ್ಲಿನ ನಾಗರಿಕರಿಗೆ. ಅಬುಧಾಬಿಯಲ್ಲಿ 1966ರಲ್ಲಿ ಶೇಖ್ ಜಾಯೆದ್ ಅಧಿಕಾರಕ್ಕೆ ಬಂದ ಮೇಲೆ ಸೈಟು ಹಂಚಿದ್ದು, ಮನೆ ಕಟ್ಟಿಕೊಟ್ಟದ್ದು ಅಲ್ಲಿನ ನಾಗರಿಕರಿಗೆ. ಗಾರೆ ಕಲಸಿದವರು, ಕಬ್ಬಿಣ ಕಟ್ಟಿದವರು ಊರಾಚೆಯ ಲೇಬರ್ ಕ್ಯಾಂಪುಗಳಲ್ಲಿ ಉಳಿದರು. ಕೆಲಸ ಕೊಟ್ಟ ಒಡೆಯನ ಹೆಸರಿಗೇ ವೀಸಾ ಕಟ್ಟಿಹಾಕುವ ಕಫಾಲಾ ಪದ್ಧತಿಯಲ್ಲಿ ಮನೆ ಎಂಬ ಮಾತೇ ಅವರಿಗೆ ಇರಲಿಲ್ಲ. ಇದನ್ನು ನೋಡಿ ನಾವು ಬೀಗಬೇಕಾದ್ದೂ ಏನಿಲ್ಲ. ವಸಂತನರಸಾಪುರದ ಕಾರ್ಖಾನೆಗಳಿಗೆ ಬಿಹಾರ, ಒಡಿಶಾ, ಉತ್ತರ ಕರ್ನಾಟಕದಿಂದ ಬಂದ ಹುಡುಗರು ಸುತ್ತಲ ಹಳ್ಳಿಗಳಲ್ಲಿ ಶೀಟಿನ ಕೋಣೆಗಳಿಗೆ ಬಾಡಿಗೆ ಕೊಟ್ಟು ಇದ್ದಾರೆ. ಅವರಿಗೆಂದು ನಾವು ಬರೆದ ಲೇಔಟು ಯಾವುದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಕಾರ್ಖಾನೆಗೆ ಎಕರೆಗಟ್ಟಲೆ ಜಾಗ ಗುರುತಿಸುವ ನಕ್ಷೆಯಲ್ಲೇ ಅಲ್ಲಿ ದುಡಿಯುವವರು ಮಲಗುವ ಜಾಗವನ್ನೂ ಗುರುತಿಸಿದರೆ ಎಷ್ಟು ಶಾಯಿ ಖರ್ಚಾದೀತು?

ಗುಬ್ಬಿಯ ಮಾತು ಬಂದಾಗ ಅದನ್ನೂ ಸ್ವಲ್ಪ ನಿಂತು ನೋಡಬೇಕು. ವೀರಣ್ಣನವರ ನಾಟಕ ಕಂಪನಿಯಿಂದ ಲೋಕಕ್ಕೆ ಪರಿಚಯವಾದ ಊರು ಇದು. ಅಡಿಕೆ, ತೆಂಗು, ಚೇಳೂರು ಕಡೆಯ ಹಲಸು. ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಅಡಿಗಲ್ಲು ಬಿದ್ದ ಮರುದಿನದಿಂದಲೇ ಹೆದ್ದಾರಿಯ ಬದಿಯ ಹೊಲಗಳಲ್ಲಿ ಬೋರ್ಡುಗಳು ಎದ್ದವು. ಕಾರ್ಖಾನೆ ತೆರೆಯಲು ಏಳು ವರ್ಷ ಹಿಡಿಯಿತು, ಸೈಟುಗಳಿಗೆ ಏಳು ತಿಂಗಳೂ ಬೇಕಾಗಲಿಲ್ಲ. ಕಾರ್ಖಾನೆಯಲ್ಲಿ ಕೆಲಸ ಮಾಡುವ ಎಂಜಿನಿಯರುಗಳಲ್ಲಿ ಎಷ್ಟೋ ಜನ ಇವತ್ತಿಗೂ ತುಮಕೂರಿನಿಂದಲೋ ಬೆಂಗಳೂರಿನಿಂದಲೋ ಬಂದು ಹೋಗುತ್ತಾರೆ. ಮಕ್ಕಳ ಶಾಲೆ, ಆಸ್ಪತ್ರೆ ಅಲ್ಲಿವೆ. ಗುಬ್ಬಿಯಲ್ಲಿ ಇರುವುದು ಸೈಟು. ಕುವೈತಿನ ಬಡಾವಣೆಯ ನಡುವೆ ಇಟ್ಟಿದ್ದ ಆ ನಾಲ್ಕು ವಸ್ತುಗಳನ್ನು ನೆನಪಿಸಿಕೊಳ್ಳಿ.

ಕುಣಿಗಲ್ಲಿಗೂ ಅರಬ್ ನಾಡಿಗೂ ಇರುವ ನಂಟು ಎಣ್ಣೆಗಿಂತ ಬಹಳ ಹಳೆಯದು. ಆ ಮರಳುಗಾಡಿನಿಂದ ನಮ್ಮ ಕಡೆಗೆ ಶತಮಾನಗಳ ಕಾಲ ಬಂದ ದೊಡ್ಡ ಸರಕು ಕುದುರೆ. ವಿಜಯನಗರದ ಸೈನ್ಯಕ್ಕೆ ಹೊರ್ಮುಜ್ ಕಡೆಯಿಂದ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳದಂಥ ಬಂದರುಗಳಲ್ಲಿ ಇಳಿಯುತ್ತಿದ್ದವು. ಟಿಪ್ಪುವಿನ ಕಾಲದಲ್ಲಿ ಅರಬ್ಬೀ ಕುದುರೆ ಸಾಕಲೆಂದು ಬೆಳೆದ ಕುಣಿಗಲ್ ಸ್ಟಡ್ ಫಾರ್ಮ್ ಆ ವ್ಯಾಪಾರದ ಕೊನೆಯ ಕೊಂಡಿ. ಮೈಸೂರು ಅರಸರು, ಬ್ರಿಟಿಷರು, ಆಮೇಲೆ ನಮ್ಮ ಸರ್ಕಾರ, ನಂತರ ಗುತ್ತಿಗೆ ಪಡೆದ ಖಾಸಗಿಯವರು ಹೀಗೆ ಕೈ ಬದಲಾದರೂ ಅಲ್ಲಿ ಕುದುರೆಗಳು ಮೇಯುವುದು ನಿಲ್ಲಲಿಲ್ಲ. ಪಟ್ಟಣದ ಮಗ್ಗುಲಲ್ಲೇ 400 ಎಕರೆಗೂ ಹೆಚ್ಚು ಜಾಗ, ಹಳೆಯ ಮರಗಳು, ಹುಲ್ಲುಗಾವಲು. 2017ರಲ್ಲಿ ಬೆಂಗಳೂರು-ಹಾಸನ ರೈಲು ಕುಣಿಗಲ್ ಮೇಲೆ ಓಡತೊಡಗಿದ ಮೇಲೆ, ಹಾಸನದ ಹೆದ್ದಾರಿಯೂ ಅಗಲವಾದ ಮೇಲೆ, ಊರ ಪಕ್ಕದ ಅಷ್ಟು ದೊಡ್ಡ ಬಯಲು ಯಾರ ಕಣ್ಣಿಗೆ ಬೀಳದೆ ಇದ್ದೀತು? ಅಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾಪ 2024ರಲ್ಲಿ ಸರ್ಕಾರದ ಮಟ್ಟದಲ್ಲೇ ಚರ್ಚೆಗೆ ಬಂತು, ಬೇಡವೆಂದವರೂ ಎದ್ದರು.

ನನ್ನ ಅಭಿಪ್ರಾಯ ಕೇಳಿದರೆ, ಸರ್ಕಾರವೇ ಮುಂದೆ ನಿಂತು ಒಂದು ಊರನ್ನು ಯೋಜಿಸಿ ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ನಾನು ಈವರೆಗೆ ಹೇಳುತ್ತಾ ಬಂದ ವರಸೆ ಸಾಧ್ಯವಾಗುವುದೇ ಹಾಗೆ. ಆದರೆ ಕುಣಿಗಲ್ ಸುತ್ತ ಈಗಾಗಲೇ ಕಲ್ಲು ನೆಟ್ಟು ಖಾಲಿ ಬಿಟ್ಟಿರುವ ಸೈಟುಗಳು ಇರುವಾಗ ಮರವಿರುವ ಜಾಗವನ್ನೇ ಅಗೆಯಬೇಕೆ? ಕುವೈತಿನವರು ಹಳೆಯ ಗೋಡೆ ಕೆಡವಿದಾಗಲೂ ಬಾಗಿಲುಗಳನ್ನು ಉಳಿಸಿಕೊಂಡರು. ಹಳೆಯ ಅಂಗಳದ ಮನೆಗಳನ್ನು ಉಳಿಸಿಕೊಳ್ಳಲಿಲ್ಲ, ಅದಕ್ಕೆ ಇವತ್ತು ಹಲುಬುತ್ತಾರೆ.

ಅಂದಹಾಗೆ ನಮ್ಮ ರೂಪಾಯಿಗೂ ಕೊಲ್ಲಿ ನಾಡಿಗೂ ಒಂದು ಹಳೆಯ ನಂಟಿದೆ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಕೊಲ್ಲಿ ರಾಜ್ಯಗಳಲ್ಲಿ ಬಳಸಲೆಂದೇ ಬೇರೆ ರೂಪಾಯಿ ನೋಟು ಅಚ್ಚು ಹಾಕಿ ಕಳಿಸಿತ್ತು. 1960ರ ದಶಕದ ನಡುವಿನವರೆಗೆ ದುಬೈ, ಅಬುಧಾಬಿಯ ಅಂಗಡಿಗಳಲ್ಲಿ ನಡೆಯುತ್ತಿದ್ದದ್ದು ಆ ರೂಪಾಯಿ. ಇವತ್ತು ಲೆಕ್ಕ ತಿರುಗಿದೆ; ದಿರ್ಹಮಿಗೆ ಎಷ್ಟು ರೂಪಾಯಿ ಎಂದು ನೋಡಿ ಸೈಟು ಕೊಳ್ಳುವವರು ನಮ್ಮಲ್ಲಿದ್ದಾರೆ.

ದುಬೈ ಹೆಸರು ಬಂದ ಮೇಲೆ ಅದರ ಏಳುಬೀಳನ್ನೂ ಹೇಳಬೇಕು. 1968ರಲ್ಲಿ ಅಲ್ಲಿದ್ದದ್ದು ಸುಮಾರು 59,000 ಜನ, ನಮ್ಮ ತಾಲ್ಲೂಕು ಕೇಂದ್ರವೊಂದರಷ್ಟು. ಈಗ 36 ಲಕ್ಷ ಮೀರಿದ್ದಾರೆ. 2002ರಲ್ಲಿ ಹೊರದೇಶದವರೂ ಕೆಲವು ಕಡೆ ಮನೆ ಕೊಳ್ಳಬಹುದು ಎಂದಾಯಿತು. ಇನ್ನೂ ಪಾಯ ತೋಡದ ಕಟ್ಟಡದ ಫ್ಲ್ಯಾಟನ್ನು ಬೆಳಿಗ್ಗೆ ಕೊಂಡು ಸಂಜೆ ಮಾರಿದವರಿದ್ದರು. ಭೂಪಟದ ಆಕಾರದಲ್ಲಿ ಸಮುದ್ರಕ್ಕೆ ಮರಳು ಸುರಿದು ಸುಮಾರು 300 ದ್ವೀಪಗಳನ್ನು ಮಾಡಿದರು. 2008ರಲ್ಲಿ ಜಗತ್ತಿನ ಹಣಕಾಸು ಕುಸಿದಾಗ ಬೆಲೆ ಬಿತ್ತು, 2009ರ ನವೆಂಬರ್‌ನಲ್ಲಿ ದುಬೈ ವರ್ಲ್ಡ್ ಎಂಬ ದೊಡ್ಡ ಸರ್ಕಾರಿ ಸಂಸ್ಥೆಯೇ ಸಾಲ ತೀರಿಸಲು ಕಾಲಾವಕಾಶ ಕೇಳಿತು. ಆ ದ್ವೀಪಗಳಲ್ಲಿ ಬಹುಪಾಲು ಇವತ್ತಿಗೂ ಖಾಲಿ. ಸಮುದ್ರದಲ್ಲೂ ಲೇಔಟು ಹಾಕಿ ಬಿಡಬಹುದು ಎಂದು ತೋರಿಸಿದ ಊರು ಅದು. ಮನೆ ಕೊಳ್ಳುವವರ ಮುಂಗಡ ಹಣವನ್ನು ಬೇರೆ ಖಾತೆಯಲ್ಲೇ ಇಡಬೇಕೆಂಬ ಕಾನೂನನ್ನು, ಅದನ್ನು ನೋಡಿಕೊಳ್ಳಲು ರೇರಾ ಎಂಬ ಸಂಸ್ಥೆಯನ್ನು ಅವರು 2007ರಲ್ಲೇ ತಂದಿದ್ದರು. ನಮ್ಮ ರೇರಾ ಕಾನೂನು ಬಂದದ್ದು 2016ರಲ್ಲಿ. 500 ಚದರ ಮೀಟರ್ ಮೀರಿದ ಲೇಔಟು ಅದರಲ್ಲಿ ನೋಂದಣಿಯಾಗಬೇಕು, ಗ್ರಾಹಕರ ಹಣದ ಶೇ 70 ಭಾಗ ಪ್ರತ್ಯೇಕ ಖಾತೆಯಲ್ಲಿ ಇರಬೇಕು. ಹೊಲವನ್ನು ಪರಿವರ್ತನೆ ಮಾಡಿಸದೆ, ಗುಂಟೆ ಲೆಕ್ಕದಲ್ಲಿ ತುಂಡರಿಸಿ ಮಾರುವ ರೆವಿನ್ಯೂ ಸೈಟಿನವರು ಈ ಕಾನೂನಿನ ಹತ್ತಿರವೂ ಸುಳಿಯುವುದಿಲ್ಲ.

ಮರಳುಗಾಡು ಮರೆತ ಇನ್ನೊಂದು ವಸ್ತು ಮೋರಿ. 2024ರ ಏಪ್ರಿಲ್ 16ರಂದು ಸಂಯುಕ್ತ ಅರಬ್ ಸಂಸ್ಥಾನದಲ್ಲಿ 75 ವರ್ಷಗಳ ದಾಖಲೆಯಲ್ಲೇ ಕಾಣದ ಮಳೆ ಬಿತ್ತು; ಅಲ್ ಐನ್ ಹತ್ತಿರದ ಒಂದು ಜಾಗದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್. ದುಬೈ ವಿಮಾನ ನಿಲ್ದಾಣದ ರನ್‌ವೇ ಹೊಳೆಯಾಯಿತು. ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಕಾಣದವರು ಮೋರಿ ಮರೆತದ್ದಕ್ಕೆ ಕ್ಷಮೆ ಇದೆ. ನಮಗೆ ಮಳೆ ಹೊಸದೆ? ತುಮಕೂರು ಸೀಮೆ ಕೆರೆಗಳ ಸೀಮೆ. ಒಂದು ಕೆರೆಯ ಕೋಡಿ ನೀರು ಹಳ್ಳ ಹಿಡಿದು ಮುಂದಿನ ಕೆರೆಗೆ ಹೋಗುವಂತೆ ಹಿರಿಯರು ಹೊಂದಿಸಿಟ್ಟಿದ್ದರು. ಬರದ ವರ್ಷಗಳಲ್ಲಿ ಆ ಹಳ್ಳಗಳು ಒಣಗಿ ಬರಿಯ ತಗ್ಗಿನಂತೆ ಕಂಡವು, ತಗ್ಗಿಗೆ ಮಣ್ಣು ತುಂಬಿ ಸೈಟು ಮಾಡಿದರು. 2022ರಲ್ಲಿ ದಶಕಗಳಿಂದ ತುಂಬದ ಕೆರೆಗಳೂ ಕೋಡಿ ಬಿದ್ದಾಗ ನೀರು ತನ್ನ ಹಳೆಯ ದಾರಿ ಹಿಡಿದು ಹೊಸ ಮನೆಗಳ ಒಳಗೆ ಹೋಯಿತು.

ಜಮೀನು ಮಾರದೆಯೂ ಹಣ ನೋಡಬಹುದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ದಾರಿ ಇದೆ. ಪಾವಗಡದಲ್ಲಿ ಮಳೆಯೂ ಕಡಿಮೆ, ನಾಲೆಯೂ ಇಲ್ಲ, ಬೋರಿನ ನೀರಿನಲ್ಲಿ ಫ್ಲೋರೈಡ್. ಅಲ್ಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಬಂದಾಗ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು: ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಪಹಣಿಯಲ್ಲಿ ರೈತನ ಹೆಸರೇ ಉಳಿಯಿತು. ಜಮೀನಿಲ್ಲದ ಕೂಲಿಯವರಿಗೆ ಇದರಲ್ಲಿ ಏನೂ ಸಿಗಲಿಲ್ಲ ಎಂಬ ದೂರು ನಿಜ. ಆದರೂ ನಗರದ ಅಂಚಿನ ರೈತರಿಗೆ, ಕೈಗಾರಿಕೆಗೆ ಜಾಗ ಕೊಡುವವರಿಗೆ ಇಂಥದೊಂದು ದಾರಿಯನ್ನು ಯಾಕೆ ಯಾರೂ ಕೇಳುವುದಿಲ್ಲವೋ ಕಾಣೆ.

ಇಷ್ಟೆಲ್ಲ ಹೇಳಿದರೂ ಭಾನುವಾರ ಸೈಟು ನೋಡಲು ಹೋಗುವವರು ಹೋಗಿಯೇ ಹೋಗುತ್ತಾರೆ. ಅವರಿಗೆ ಒಂದೆರಡು ಮಾತು. ಬ್ರೋಕರ್ ಕರೆದ ದಿನ ಬಿಟ್ಟು, ಜೋರು ಮಳೆ ಬಂದ ಮಾರನೆಯ ದಿನ ಒಮ್ಮೆ ಹೋಗಿ ನಿಲ್ಲಿ. ಏಪ್ರಿಲ್ ತಿಂಗಳಲ್ಲಿ ಇನ್ನೊಮ್ಮೆ ಹೋಗಿ, ಅಲ್ಲಿ ಆಗಲೇ ಮನೆ ಕಟ್ಟಿಕೊಂಡಿರುವವರನ್ನು ನಲ್ಲಿ ಎಷ್ಟು ದಿನಕ್ಕೆ ಬರುತ್ತದೆ, ಟ್ಯಾಂಕರಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿ. ಲೇಔಟಿಗೆ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಇದೆಯೋ, ರೇರಾ ನಂಬರು ಇದೆಯೋ, ಪಾರ್ಕು ಮತ್ತು ಸಾರ್ವಜನಿಕ ಬಳಕೆಗೆ ಬಿಡಬೇಕಾದ ಸಿಎ ಸೈಟುಗಳನ್ನು ಪ್ರಾಧಿಕಾರಕ್ಕೆ ಬರೆದುಕೊಟ್ಟಿದ್ದಾರೋ ಕಾಗದ ನೋಡಿ. ಮೊಬೈಲಿನಲ್ಲಿ ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್ ಇಳಿಸಿಕೊಂಡು, ಸೈಟಿನ ನಡುವೆ ನಿಂತು ಒತ್ತಿದರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ, ಅದು ಖಾಸಗಿ ಜಮೀನೋ, ಸರ್ಕಾರದ್ದೋ, ಕೆರೆಯದ್ದೋ ತೋರಿಸುತ್ತದೆ. ಹಳ್ಳದ ಗೆರೆ ನಿಮ್ಮ ಕಾಲ ಕೆಳಗೆ ಹಾದುಹೋಗಿದ್ದರೆ ಮುಂಗಡ ಕೊಡಬೇಡಿ. ಆ್ಯಪಿಗೆ ದುಡ್ಡೇನೂ ಕೊಡಬೇಕಾಗಿಲ್ಲ.